ಮೆನು ತೆಗದ್ರ ಗ್ರಾಫ್ ಯಾಕ ಹೊರಗ ಹೋಗ್ತದ?

ಪ್ರಶ್ನೆ (ವಿಜಯಪುರ):
ನಮಸ್ಕಾರ ಅಕ್ಕಾರ. ಇಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡೋರ ಸಲುವಾಗಿ ಒಂದು ಡ್ಯಾಶ್‌ಬೋರ್ಡ್ ಮಾಡ್ಲಿಕ್ಕತ್ತೀನಿ. ಎಪಿಎಂಸಿ ದರದ ಗ್ರಾಫ್ ಕ್ಯಾನ್ವಾಸ್ ಮ್ಯಾಲೆ, ಅಂದ್ರ ಕೋಡಿನಿಂದ ಚಿತ್ರ ಬಿಡಿಸೋ ಹಾಳಿ ಮ್ಯಾಲೆ, ಬರೀತದ. ವಿಂಡೋ ಸಣ್ಣದು ದೊಡ್ಡದು ಮಾಡಿದ್ರ ಬರೋಬ್ಬರಿ ಹೊಂದ್ಕೋತದ. ಆದ್ರ ಎಡಗಡೆ ಮೆನು ತೆಗದ್ರ ಗ್ರಾಫಿಗೆ ಗೊತ್ತೇ ಆಗೂದಿಲ್ಲ, ಬಲಕ್ಕ ಹೊರಗ ಹೋಗಿ ನಿಲ್ತದ. ಮೆನು ಬಟನ್ನಿಗೆ 300 ಮಿಲಿಸೆಕೆಂಡಿನ ಸೆಟ್‌ಟೈಮೌಟ್ (ಅಷ್ಟು ಹೊತ್ತು ತಡದು ಕೋಡ್ ಓಡ್ಸೋದು) ಹಾಕಿ ಅಳತಿ ತಗೊಂಡೆ. ನನ್ನ ಲ್ಯಾಪ್‌ಟಾಪಿನ್ಯಾಗ ನಡೀತದ, ಅಂಗಡಿ ಮಾಲಕರ ಹಳೇ ಫೋನಿನ್ಯಾಗ ಅರ್ಧಾ ಅಳತಿಗೇ ನಿಂತುಬಿಡ್ತದ. ಏನ್ ಮಾಡ್ಲಿ?

ಉತ್ತರ (ಬೆಳಗಾವಿ):
ತಮ್ಮಾ, ನಿನ್ನ ಗ್ರಾಫ್ ಕಾಯೂದು ವಿಂಡೋ ರಿಸೈಜ್ ಇವೆಂಟ್, ಅಂದ್ರ ಅಳತಿ ಬದಲಾತು ಅಂತ ಬ್ರೌಸರ್ ಕೊಡೂ ಸುದ್ದಿ. ಅದು ನೋಡೂದು ವಿಂಡೋದ ಅಳತಿ ಅಷ್ಟ. ಮೆನು ತೆಗದಾಗ ವಿಂಡೋ ಇದ್ದಷ್ಟ ಇರತೈತಿ, ಒಳಗಿನ ಡಿವ್ (ಪೇಜಿನ್ಯಾಗ ಗ್ರಾಫ್ ಇಟ್ಟ ಡಬ್ಬಿ) ಸಣ್ಣದಾಗತೈತಿ. ಹಂಗಾಗಿ ಆ ಇವೆಂಟ್ ಬರೂದ ಇಲ್ಲ.

ಸೆಟ್‌ಟೈಮೌಟ್ ತಗದ ಒಗಿ. ಹಳೇ ಫೋನಿನ್ಯಾಗ ಮೆನು ಸರಿಯೂದು ತಡ ಆದ್ರ ನೀ ಅಳತಿ ತಗೊಳ್ಳೂದು ನಡುದಾರ್ಯಾಗ. ಅದೂ ಅಲ್ಲದ ಇವತ್ತು ಮೆನು, ನಾಳೆ ಬಾಜೂಕ ಒಂದು ಫಿಲ್ಟರ್ ಪಟ್ಟಿ ಬರತೈತಿ, ನಾಡದ್ದು ಇನ್ನೊಂದು. ಒಂದೊಂದು ಕಾರಣದ ಬೆನ್ನು ಹತ್ತಿದ್ರ ಮುಗಿಯೂದಲ್ಲ. ಗ್ರಾಫ್ ಕುಂತಿರೂ ಡಿವ್‌ನ್ನ ಕಾಯಿ.

ಅದಕ್ಕಂತ ಬ್ರೌಸರಿನ್ಯಾಗ ರಿಸೈಜ್ ಅಬ್ಸರ್ವರ್ ಐತಿ, ಡಿವ್ ಅಳತಿ ಬದಲಾದ್ರ ನಿನ್ನ ಕೋಡಿಗೆ ಹೇಳತೈತಿ. ಕ್ರೋಮಿನ್ಯಾಗ 2018ರಿಂದ, ಫೈರ್‌ಫಾಕ್ಸಿನ್ಯಾಗ 2019ರಿಂದ, ಸಫಾರಿಯೊಳಗ 2020ರಿಂದ. ಅದಕ್ಕಿಂತ ಮೊದಲ ಡಿವ್ ಒಳಗ ಕಾಣದಂಗ ಒಂದು ಐಫ್ರೇಮ್ (ಪೇಜಿನೊಳಗ ಇನ್ನೊಂದು ಪೇಜ್) ಇಟ್ಟು, ಅದರ ರಿಸೈಜ್ ಇವೆಂಟ್ ಹಿಡಕೊಂಡು ಕೆಲಸ ನಡಸಬೇಕಾಗಿತ್ತು. ಈಗ ಅಬ್ಸರ್ವರ್ ಒಂದ ಮಾಡಿ, ಎಷ್ಟು ಡಿವ್ ಬೇಕಾದ್ರೂ ಅದಕ್ಕ ಒಪ್ಪಿಸು. ಒಪ್ಪಿಸಿದಾಗ ಮೊದಲಿನ ಅಳತಿ ತಾನ ಹೇಳತೈತಿ, ಪೇಜ್ ತೆರದಾಗಿನ ಗ್ರಾಫಿಗೆ ಬ್ಯಾರೆ ಕೋಡ್ ಬ್ಯಾಡ. ಲೇಔಟ್ (ಅಳತಿ ಲೆಕ್ಕ) ಮುಗದು ಪೇಂಟ್ (ಪರದೆ ಮ್ಯಾಲೆ ಮೂಡೂದು) ಆಗೂಕಿಂತ ಮೊದಲ ನಿನ್ನ ಫಂಕ್ಷನ್ ಕರೀತೈತಿ, ಹಂಗಾಗಿ ಅಲ್ಲೇ ಬರದ್ರ ಹಳೇ ಅಳತಿ ಗ್ರಾಫ್ ಒಂದು ಕ್ಷಣಾನೂ ಕಾಣೂದಿಲ್ಲ. ಕ್ಯಾನ್ವಾಸಿಗೆ ಕೊಡೂ ಅಳತಿಯನ್ನ ಡಿವೈಸ್ ಪಿಕ್ಸೆಲ್ ರೇಶಿಯೋದಿಂದ (ಪೇಜಿನ ಒಂದು ಪಿಕ್ಸೆಲ್ಲಿಗೆ ಪರದೆಯ ಎಷ್ಟು ಪಿಕ್ಸೆಲ್ ಅನ್ನೂ ಅಂಕಿ) ಗುಣಿಸು. ಇಲ್ಲಾಂದ್ರ ಫೋನಿನ್ಯಾಗ ದರದ ಅಂಕಿ ಮಸಕ ಕಾಣತಾವ.

ಪ್ರಶ್ನೆ (ವಿಜಯಪುರ):
ಹಾಕಿದೆ ಅಕ್ಕಾರ. ಈಗ ಮೆನು ಮುಚ್ಚಿದ್ರ ಗ್ರಾಫ್ ಹಿಗ್ತದ, ತೆಗದ್ರ ಕುಗ್ಗೂದಿಲ್ಲ. ಇನ್ನೊಂದು, ಏನೂ ಮುಟ್ಟದ ಸುಮ್ನ ಕೂತ್ರೂ ಗ್ರಾಫ್ ಕೆಳಗ ಬೆಳಕೋತ ಹೋಗ್ತದ, ಕನ್ಸೋಲಿನ್ಯಾಗ ‘ರಿಸೈಜ್ ಅಬ್ಸರ್ವರ್ ಲೂಪ್’ ಅಂತ ಕೆಂಪಗ ಬರ್ತದ.

ಉತ್ತರ (ಬೆಳಗಾವಿ):
ಎರಡನೇದು ಮೊದಲ ಹೇಳತೀನಿ, ಅದು ಭಾಳ ಮಂದೀನ್ನ ಕಾಡೂದು. ಡಿವ್‌ಗೆ ನೀ ಎತ್ತರ ಕೊಟ್ಟಿಲ್ಲ, ಹೌದಲ್ಲ? ಕ್ಯಾನ್ವಾಸ್ ಇನ್‌ಲೈನ್ ಎಲಿಮೆಂಟ್, ಸಾಲಿನ್ಯಾಗ ಅಕ್ಷರ ಕುಂತಂಗ ಕುಂತಿರತೈತಿ. ಕೆಳಗ ಒತ್ತಕ್ಷರ ಇಳಿಯಾಕ ಜಾಗ ಬಿಟ್ಟಂಗ ನಾಕೈದು ಪಿಕ್ಸೆಲ್ ಖಾಲಿ ಉಳೀತೈತಿ. ಕ್ಯಾನ್ವಾಸ್ 300 ಇದ್ರ ಡಿವ್ 304. ಅಬ್ಸರ್ವರ್ 304 ಅಂತ ಹೇಳತೈತಿ, ನೀ ಕ್ಯಾನ್ವಾಸನ್ನ 304 ಮಾಡತೀ, ಡಿವ್ 308 ಆಗತೈತಿ. ಬ್ರೌಸರ್ ಒಂದ ಫ್ರೇಮಿನ್ಯಾಗ ಅದ ಡಿವ್ ಸುದ್ದಿ ಎರಡನೇ ಸಲ ಹೇಳೂದಿಲ್ಲ, ಮುಂದಿನ ಫ್ರೇಮಿಗೆ ತಳ್ಳಿ ಆ ಕೆಂಪು ಸಾಲು ಬರೀತೈತಿ. ಅದಕ್ಕ ಪೇಜ್ ಹ್ಯಾಂಗ್ ಆಗದ ಮೆಲ್ಲಗ ಬೆಳೀಲಿಕ್ಕತ್ತೈತಿ. ಆ ಸಾಲನ್ನ ಮುಚ್ಚಿಡೂ ಕೋಡ್ ಅಲ್ಲಲ್ಲಿ ಸಿಗತೈತಿ, ದಯವಿಟ್ಟು ಹಾಕಬ್ಯಾಡ. ಡಿವ್‌ಗೆ ಎತ್ತರ ಕೊಟ್ಟು ಅದರ ಪೊಸಿಷನ್ ರಿಲೇಟಿವ್ ಮಾಡು. ಕ್ಯಾನ್ವಾಸನ್ನ ಅಬ್ಸಲ್ಯೂಟ್ ಮಾಡಿ (ಅಂದ್ರ ಡಿವ್‌ನ ಅಳತಿ ಲೆಕ್ಕದಿಂದ ಹೊರಗಿಟ್ಟು), ಸಿಎಸ್‌ಎಸ್‌ನ್ಯಾಗ (ತೋರಿಕಿ ನಿಯಮದಾಗ) ಅಗಲ ಎತ್ತರ ಎರಡೂ 100 ಪರ್ಸೆಂಟ್ ಇಡು. ಕ್ಯಾನ್ವಾಸ್ ಇನ್ನ ಡಿವ್‌ನ್ನ ಹಿಗ್ಗಸೂದಿಲ್ಲ.

ಇನ್ನ ಮೊದಲನೇದು, ಕುಗ್ಗದಿರೂದು ಫ್ಲೆಕ್ಸಿನ (ಡಿವ್‌ಗಳನ್ನ ಸಾಲಾಗಿ ಜೋಡಿಸೂ ಸಿಎಸ್‌ಎಸ್) ಗುಣ. ಫ್ಲೆಕ್ಸ್ ಒಳಗಿನ ಡಿವ್ ತನ್ನೊಳಗಿನ ಸಾಮಾನಿಗಿಂತ ಸಣ್ಣದಾಗಾಕ ಒಪ್ಪೂದಿಲ್ಲ. 900 ಪಿಕ್ಸೆಲ್ಲಿನ ಕ್ಯಾನ್ವಾಸ್ ಒಳಗ ಕುಂತ್ರ ಅದು ಹೆಂಗ ಕುಗ್ಗಬೇಕು? ಅಬ್ಸಲ್ಯೂಟ್ ಮಾಡಿದ ಮ್ಯಾಲೆ ಇದೂ ಹೋಗತೈತಿ. ಆದ್ರೂ ಡಿವ್‌ಗೆ ಮಿನ್-ವಿಡ್ತ್ ಸೊನ್ನೆ ಬರದಿಡು, ನಾಳೆ ಅದರೊಳಗ ಅಗಲನ ಟೇಬಲ್ ಬಂದೀತು.

ಪ್ರಶ್ನೆ (ಬಾಗಲಕೋಟೆ):
ನಡುವ ಕೇಳತೀನಿ ಮೇಡಂ. ಇಳಕಲ್ ಸೀರಿ ಅಂಗಡಿದೊಂದು ಸೈಟ್ ಮಾಡಾಕತ್ತೀನಿ. ಸೀರಿ ಕಾರ್ಡಿಗೆ ಜಾಗ ಇದ್ರ ಫೋಟೋ ಎಡಕ್ಕ, ದರ ಬಲಕ್ಕ. ಇರದಿದ್ರ ಒಂದರ ಕೆಳಗೊಂದು. ಇದಕ್ಕೂ ಅಬ್ಸರ್ವರ್ ಬೇಕೇನ್ರಿ?

ಉತ್ತರ (ಬೆಳಗಾವಿ):
ಬ್ಯಾಡ್ರಿ. ನಿಮಗ ಬದಲಾಗಬೇಕಾಗಿದ್ದು ತೋರಿಕಿ ಅಷ್ಟ, ಅದಕ್ಕ ಸಿಎಸ್‌ಎಸ್ ಕಂಟೇನರ್ ಕ್ವೆರಿ ಸಾಕು. ಕ್ರೋಮ್, ಸಫಾರಿ ಒಳಗ 2022ಕ್ಕ ಬಂತು, ಫೈರ್‌ಫಾಕ್ಸಿಗೆ 2023ರ ಫೆಬ್ರುವರಿಗೆ. ಕಾರ್ಡಿಗೆ ಹೊರಗ ಇನ್ನೊಂದು ಡಿವ್ ಹಾಕಿ, ಅದರ ಕಂಟೇನರ್ ಟೈಪ್ ಇನ್‌ಲೈನ್-ಸೈಜ್ ಅಂತ ಬರೀರಿ. ಅದರ ಅಗಲ 400 ಪಿಕ್ಸೆಲ್ ದಾಟಿದ್ರ ಫೋಟೋ ಎಡಕ್ಕ ಅಂತ ನಿಯಮ ಕೊಡ್ರಿ. ಹೊರಗಿನ ಡಿವ್ ಮರೀಬ್ಯಾಡ್ರಿ, ಕಂಟೇನರ್ ತನ್ನ ಅಳತಿ ನೋಡಿ ತನ್ನನ್ನ ತಾನ ಬದಲಿಸಿಕೊಳ್ಳಾಕ ಬರೂದಿಲ್ಲ. ಗ್ರಾಫಿನ ಮಾತು ಬ್ಯಾರೆ, ಅಲ್ಲಿ ಜಾವಾಸ್ಕ್ರಿಪ್ಟಿನ ಕೈಗೆ ಅಂಕಿನ ಬೇಕು.

ಪ್ರಶ್ನೆ (ವಿಜಯಪುರ):
ಎರಡೂ ಹೋದ್ವು ಅಕ್ಕಾರ, ಭಾಳ ಉಪಕಾರ ಆತು. ಹಳೇ ಫೋನಿನ್ಯಾಗ ಮಾತ್ರ ಮೆನು ಸರಿಯೋವಾಗ ಗ್ರಾಫ್ ತಡವರಿಸ್ತದ.

ಉತ್ತರ (ಬೆಳಗಾವಿ):
ಮೆನು ಸರಿಯೂ ಪ್ರತಿ ಫ್ರೇಮಿಗೂ ಅಬ್ಸರ್ವರ್ ಕರೀತೈತಿ, ನೀ ಪ್ರತಿ ಸಲ ಇಡೀ ಗ್ರಾಫ್ ಬರೀತೀ. ಅಳತಿ ಬಂದಾಗ ಬರದಿಟ್ಟುಕೊ, ಅಳತಿ ಬರೂದು ನಿಂತು 100 ಮಿಲಿಸೆಕೆಂಡ್ ಆದ ಮ್ಯಾಲೆ ಒಮ್ಮೆ ಗ್ರಾಫ್ ಬರಿ. ಅಲ್ಲೀತನಕ ಸಿಎಸ್‌ಎಸ್‌ನ್ಯಾಗ ಇಟ್ಟ ಆ 100 ಪರ್ಸೆಂಟ್ ಹಳೇ ಗ್ರಾಫನ್ನ ಎಳದು ಹೊಂದಿಸಿ ತೋರಸತಿರತೈತಿ. ಗ್ರಾಫ್ ಇರೂ ಪೇಜ್ ಬಿಟ್ಟು ಹೋಗೂಮುಂದ ಅಬ್ಸರ್ವರಿನ ಡಿಸ್ಕನೆಕ್ಟ್ ಕರದು, ಅದು ಕಾಯೂದು ನಿಲ್ಲಿಸಿ ಹೋಗು. ಮಾಲಕರ ಫೋನಿನ್ಯಾಗ ನೋಡಿ ಹೇಳು.