ಒರೆಸಿದರೂ ಮತ್ತೆ ಮತ್ತೆ ಕಪ್ಪಾಗುವ ಮಾದರಿ ರೈಲಿನ ಹಳಿ: ಕಾರಣವೇನು, ಪರಿಹಾರವೇನು?

ಪ್ರಶ್ನೆ (ಮಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಎಚ್‌ಒ ಅಳತೆಯ, ಅಂದರೆ 1:87 ಪ್ರಮಾಣದ ಮಾದರಿ ರೈಲಿನ ಲೇಔಟ್ ಇದೆ. ಹಳಿ ನಿಕಲ್ ಸಿಲ್ವರ್‌ನದು, ಕೋಡ್ 100, ಅಂದರೆ 0.1 ಇಂಚು ಎತ್ತರದ್ದು. ಮೊಟ್ಟೆಯಾಕಾರದ ಒಂದು ಸುತ್ತು, ಅದರೊಳಗೆ ಮೂರು ಪಾಯಿಂಟ್‌ಗಳಿರುವ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೂಡಿಕೆಗಳು) ಸಣ್ಣ ಯಾರ್ಡ್. ಎಲ್ಲವೂ ಸಾಮಾನ್ಯ 12 ವೋಲ್ಟ್ ಡಿಸಿ ಕಂಟ್ರೋಲರ್‌ನಿಂದ ನಡೆಯುತ್ತದೆ.

ಮಳೆಗಾಲ ಹಿಡಿದಂದಿನಿಂದ ಎಂಜಿನ್‌ಗಳು ನಿಧಾನಗತಿಯಲ್ಲಿ ತಡವರಿಸುತ್ತಿವೆ. ಮುಂದಿನ ದೀಪ ಮಿಣುಕುತ್ತದೆ, ವೇಗ ಹೆಚ್ಚಿಸಿದರೆ ಮಾತ್ರ ಮುಂದೆ ಸಾಗುತ್ತವೆ. ಔಷಧದಂಗಡಿಯಿಂದ ತಂದ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಬಟ್ಟೆಗೆ ಕಪ್ಪು ಗೆರೆ ಹತ್ತುತ್ತದೆ, ಆ ದಿನ ಓಟವೂ ಸರಾಗವಾಗಿರುತ್ತದೆ. ಆದರೆ ಕೆಲವೇ ದಿನಗಳಲ್ಲಿ ಹಳಿ ಮತ್ತೆ ಕಪ್ಪಾಗುತ್ತದೆ. ಪರಿಚಿತರೊಬ್ಬರು ನಯವಾದ ಎಮರಿ ಪೇಪರಿನಿಂದ ಒಮ್ಮೆ ಚೆನ್ನಾಗಿ ಉಜ್ಜಿಬಿಡಿ ಎನ್ನುತ್ತಿದ್ದಾರೆ. ಹಾಗೆ ಮಾಡುವ ಮುನ್ನ ತಿಳಿದವರ ಸಲಹೆ ಬೇಕು. ಇನ್ನೊಂದು ತೊಂದರೆಯೆಂದರೆ, ಶಂಟಿಂಗ್‌ಗೆ, ಅಂದರೆ ಡಬ್ಬಿಗಳನ್ನು ಸರಿಸಿ ಜೋಡಿಸಲು, ಬಳಸುವ ಸಣ್ಣ ಎಂಜಿನ್ ಪಾಯಿಂಟ್ ದಾಟುವಾಗ ನಿಂತೇಬಿಡುತ್ತದೆ.

ಉತ್ತರ (ಮೈಸೂರಿನಿಂದ)

ಎಮರಿ ಪೇಪರನ್ನು ದಯವಿಟ್ಟು ಹಳಿಯ ಹತ್ತಿರ ತರಬೇಡಿ. ಎಷ್ಟೇ ನಯವಾದದ್ದಾದರೂ ಅದು ಹಳಿಯ ತಲೆಯ ಮೇಲೆ ಉದ್ದಕ್ಕೂ ಗೀರುಗಳನ್ನು ಬಿಡುತ್ತದೆ. ಆ ಗೀರುಗಳಲ್ಲಿ ಕೊಳೆ ಕೂತರೆ ಬಟ್ಟೆಗೆ ಸಿಗುವುದಿಲ್ಲ, ಹಳಿ ಮೊದಲಿಗಿಂತ ಬೇಗ ಕೆಡುತ್ತದೆ. ಸ್ಟೀಲ್ ವುಲ್ ಇನ್ನೂ ಅಪಾಯಕಾರಿ: ಅದರಿಂದ ಉದುರುವ ಕೂದಲೆಳೆಯಂತಹ ಉಕ್ಕಿನ ಚೂರುಗಳನ್ನು ಎಂಜಿನ್ನಿನ ಮೋಟಾರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ಮೋಟಾರೇ ಸುಟ್ಟುಹೋಗಬಹುದು.

ಪರಿಹಾರ ಹೇಳುವ ಮುನ್ನ ಕೆಲವು ವಿಷಯ ತಿಳಿಸಿ. ಎಂಜಿನ್ ತಡವರಿಸುವುದು ಸುತ್ತಿನ ಎಲ್ಲ ಕಡೆಯೋ, ನಿರ್ದಿಷ್ಟ ಜಾಗಗಳಲ್ಲಿಯೋ? ಎಲ್ಲ ಎಂಜಿನ್‌ಗಳಿಗೂ ಈ ತೊಂದರೆ ಇದೆಯೇ? ಡಬ್ಬಿಗಳ ಗಾಲಿಗಳು ಲೋಹದವೋ, ಪ್ಲಾಸ್ಟಿಕ್ಕಿನವೋ? ಹಳಿಯನ್ನು ಒರೆಸಿದಾಗ ಗಾಲಿಗಳನ್ನೂ ಒರೆಸುತ್ತೀರಾ?

ಪ್ರಶ್ನೆ ಕೇಳಿದವರು

ತಡವರಿಕೆ ಎಲ್ಲ ಕಡೆಯೂ ಇದೆ, ಆದರೆ ಕಂಟ್ರೋಲರ್‌ನಿಂದ ದೂರದ ಬದಿಯಲ್ಲಿ ಹೆಚ್ಚು. ಅಲ್ಲಿ ಹಳಿ ಒರೆಸಿದ ದಿನವೂ ವೇಗ ಸ್ವಲ್ಪ ಇಳಿಯುತ್ತದೆ. ದೊಡ್ಡ ಎಂಜಿನ್ನಿನ ಎರಡು ಗಾಲಿಗಳಿಗೆ ರಬ್ಬರ್ ಪಟ್ಟಿ ಇದೆ. ಗೂಡ್ಸ್ ಡಬ್ಬಿಗಳೆಲ್ಲ ಹಳೆಯವು, ಗಾಲಿಗಳು ಪ್ಲಾಸ್ಟಿಕ್ಕಿನವು. ಇದುವರೆಗೆ ಒರೆಸಿರುವುದು ಹಳಿಯನ್ನು ಮಾತ್ರ.

ಉತ್ತರ (ಬೆಂಗಳೂರಿನಿಂದ)

ನಿಮ್ಮ ವಿವರಣೆಯಿಂದ ಇಲ್ಲಿ ಒಂದಲ್ಲ, ಎರಡು ತೊಂದರೆಗಳು ಸೇರಿಕೊಂಡಿವೆ ಎಂದು ತೋರುತ್ತದೆ. ಎಲ್ಲ ಕಡೆ ಕಾಣುವ ತಡವರಿಕೆ ಕೊಳೆಯದು. ದೂರದ ಬದಿಯಲ್ಲಿ ಮಾತ್ರ ವೇಗ ಇಳಿಯುವುದು ವಿದ್ಯುತ್ತಿನದು. ಎರಡನೆಯದನ್ನು ಎಷ್ಟು ಒರೆಸಿದರೂ ಸರಿಪಡಿಸಲಾಗದು.

ಮೊದಲು ಕೊಳೆಯ ವಿಷಯ. ಹಳಿಯ ಮೇಲಿನ ಕಪ್ಪು ಬರಿಯ ಧೂಳಲ್ಲ. ಗಾಲಿ ಮತ್ತು ಹಳಿ ಒಂದನ್ನೊಂದು ಮುಟ್ಟುವ ಜಾಗ ಅತ್ಯಂತ ಕಿರಿದು. ಗಾಲಿ ಉರುಳುವಾಗ ಆ ಸ್ಪರ್ಶ ಕ್ಷಣಕ್ಷಣಕ್ಕೂ ತಪ್ಪಿ ಮತ್ತೆ ಕೂಡುತ್ತಿರುತ್ತದೆ, ಹಾಗೆ ತಪ್ಪಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಆ ಕಿಡಿಯ ಶಾಖಕ್ಕೆ ಲೋಹದ ಮೇಲ್ಮೈ ಸುಟ್ಟು ಆಕ್ಸೈಡ್ ಆಗುತ್ತದೆ. ಅದಕ್ಕೆ ಎಣ್ಣೆಯ ಅಂಶ, ಧೂಳು, ರಬ್ಬರ್ ಪಟ್ಟಿಯಿಂದ ಸವೆದು ಬಂದ ಪುಡಿ ಎಲ್ಲವೂ ಸೇರಿ ಕಪ್ಪು ಪದರವಾಗುತ್ತದೆ. ಪದರ ಬೆಳೆದಂತೆ ಸ್ಪರ್ಶ ಕೆಡುತ್ತದೆ, ಸ್ಪರ್ಶ ಕೆಟ್ಟಂತೆ ಕಿಡಿ ಹೆಚ್ಚುತ್ತದೆ, ಕಿಡಿ ಹೆಚ್ಚಿದಂತೆ ಪದರ ಮತ್ತಷ್ಟು ಬೆಳೆಯುತ್ತದೆ. ಆದುದರಿಂದ ಆದ ಕೊಳೆಯನ್ನು ತೆಗೆಯುವುದಷ್ಟೇ ಸಾಲದು, ಕಿಡಿ ಏಳುವ ಕಾರಣಗಳನ್ನು ಕಡಿಮೆ ಮಾಡಬೇಕು.

ನಿಕಲ್ ಸಿಲ್ವರ್ ಎಂದರೆ ನಮ್ಮ ಪಾತ್ರೆ ಅಂಗಡಿಗಳಲ್ಲಿ ಪೂಜಾ ಸಾಮಗ್ರಿಯಾಗಿ ಮಾರುವ ಜರ್ಮನ್ ಸಿಲ್ವರ್ ವರ್ಗದ ಲೋಹವೇ: ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ, ಬೆಳ್ಳಿ ಇಲ್ಲ. ಹಿತ್ತಾಳೆಯ ಹಳಿಗೆ ಹೋಲಿಸಿದರೆ ಅದು ಕಂದುವುದು ನಿಧಾನ. ಅಂತಹ ಹಳಿ ಕೆಲವೇ ದಿನಗಳಲ್ಲಿ ಕಪ್ಪಾಗುತ್ತಿದ್ದರೆ, ಕೊಳೆಯನ್ನು ಬೇರೇನೋ ತಂದು ಸುರಿಯುತ್ತಿದೆ ಎಂದೇ ಅರ್ಥ. ನಿಮ್ಮಲ್ಲಿ ಅದು ಗಾಲಿಗಳು. ಹಳಿಯನ್ನು ಒರೆಸಿ, ಕೊಳೆಯಾದ ಗಾಲಿಗಳನ್ನು ಅದರ ಮೇಲೆ ಓಡಿಸಿದರೆ ಆ ಕೊಳೆ ಒಂದೇ ಸಂಜೆಯಲ್ಲಿ ಇಡೀ ಸುತ್ತಿಗೆ ಹರಡುತ್ತದೆ. ಪ್ಲಾಸ್ಟಿಕ್ ಗಾಲಿಗಳು ಇದರಲ್ಲಿ ಮುಂದು. ಒಂದು ಡಬ್ಬಿಯನ್ನು ಮಗುಚಿ, ಗಾಲಿಯ ಅಂಚನ್ನು ಉಗುರಿನಿಂದ ಕೆರೆದು ನೋಡಿ; ಗಟ್ಟಿಯಾದ ಕಪ್ಪು ಉಂಗುರವೊಂದು ಸಿಪ್ಪೆಯಂತೆ ಎದ್ದುಬರುತ್ತದೆ. ಅದನ್ನು ಮರದ ಟೂತ್‌ಪಿಕ್‌ನಿಂದ ಬಿಡಿಸಬಹುದು. ಆದರೆ ಶಾಶ್ವತ ಉಪಾಯವೆಂದರೆ, ಅನುಕೂಲವಾದಂತೆ ಒಂದೊಂದೇ ಡಬ್ಬಿಗೆ ಲೋಹದ ಗಾಲಿಗಳನ್ನು ಹಾಕುವುದು. ಈ ಹವ್ಯಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಎಂಜಿನ್ನಿನ ಗಾಲಿಗಳಿಗೆ ಸುಲಭವಾದ ವಿಧಾನವಿದೆ. ಟಿಶ್ಯೂ ಕಾಗದದ ಒಂದು ಪಟ್ಟಿಯನ್ನು ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಹಾಸಿ, ಹಳಿಯ ಮೇಲೆ ಬರುವ ಭಾಗವನ್ನು ಮಾತ್ರ ಆಲ್ಕೋಹಾಲಿನಿಂದ ತೇವ ಮಾಡಿ. ಎಂಜಿನ್ನಿನ ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನ ಗಾಲಿಗಳು ಬರಿ ಹಳಿಯ ಮೇಲೆ ಇರುವಂತೆ ಇಟ್ಟು, ಎಂಜಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಕರೆಂಟ್ ಕೊಡಿ. ಹಿಂದಿನ ಗಾಲಿಗಳಿಂದ ವಿದ್ಯುತ್ ಪಡೆದು ಮುಂದಿನ ಗಾಲಿಗಳು ಕಾಗದದ ಮೇಲೆ ತಿರುಗುತ್ತವೆ, ಕಾಗದದಲ್ಲಿ ಎರಡು ಕಪ್ಪು ಗೆರೆಗಳು ಮೂಡುತ್ತವೆ. ಕಾಗದವನ್ನು ಸರಿಸುತ್ತಾ ಗೆರೆ ಮೂಡದಿರುವವರೆಗೆ ಮಾಡಿ, ಅನಂತರ ಎಂಜಿನ್ನನ್ನು ತಿರುಗಿಸಿ ಇನ್ನೊಂದು ತುದಿಗೂ ಹಾಗೆಯೇ ಮಾಡಿ. ಎಲ್ಲ ಗಾಲಿಗಳಿಂದಲೂ ವಿದ್ಯುತ್ ಪಡೆಯುವ ಎಂಜಿನ್ನಿಗಷ್ಟೇ ಇದು ಸಾಧ್ಯ. ಉಳಿದವುಗಳಿಗೆ ಹತ್ತಿಕಡ್ಡಿಯೇ ಸರಿ. ಗಾಲಿಯ ಹಿಂಬದಿಯನ್ನು ಮುಟ್ಟಿಕೊಂಡಿರುವ ತೆಳು ತಾಮ್ರವರ್ಣದ ಪಟ್ಟಿಗಳನ್ನೂ ನೋಡಿ, ಅಲ್ಲಿ ಕೂದಲು ಮತ್ತು ನೂಲು ಸುತ್ತಿಕೊಂಡಿರುವುದು ಸಾಮಾನ್ಯ.

ಇನ್ನು ದ್ರಾವಕ. ಶೇ. 70ರ ಆಲ್ಕೋಹಾಲಿನಲ್ಲಿ ಉಳಿದದ್ದು ನೀರು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಶೇ. 99ರದ್ದು ದೊರೆಯುತ್ತದೆ, ಅದನ್ನೇ ಬಳಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಸಾಮಾನ್ಯವಾಗಿರುವ ಗ್ಲಿಸರಿನ್ ಹಳಿಯ ಮೇಲೆ ಉಳಿದುಬಿಡುತ್ತದೆ. ಆಲ್ಕೋಹಾಲಿನಿಂದ ಒರೆಸಿದ ಮೇಲೆ, ಬಣ್ಣದ ಅಂಗಡಿಯ ಮಿನರಲ್ ಟರ್ಪೆಂಟೈನ್ ಕೆಲವೇ ಹನಿ ಹಾಕಿದ ಬಟ್ಟೆಯಿಂದ ಕೊನೆಯ ಸಲ ಒರೆಸಿ, ಒಣಬಟ್ಟೆಯಿಂದ ಪೂರ್ತಿ ತೆಗೆಯಿರಿ. ಆಲ್ಕೋಹಾಲು ಧ್ರುವೀಯ ದ್ರಾವಕ, ಅಂದರೆ ಅದರ ಅಣುವಿನ ಒಂದು ಬದಿ ಸ್ವಲ್ಪ ಧನ, ಇನ್ನೊಂದು ಬದಿ ಸ್ವಲ್ಪ ಋಣ ವಿದ್ಯುದಂಶದ್ದು; ಈ ಗುಣವನ್ನು ಸೂಚಿಸುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಅಂಕಿ ಅದಕ್ಕೆ ಸುಮಾರು 18ರಿಂದ 20. ಟರ್ಪೆಂಟೈನಿನದು ಸುಮಾರು 2, ಅಂದರೆ ಅದು ಧ್ರುವೀಯವಲ್ಲ. ಎರಡನೆಯ ಬಗೆಯ ದ್ರಾವಕದಿಂದ ಮುಗಿಸಿದ ಹಳಿ ಹೆಚ್ಚು ಕಾಲ ಕಪ್ಪಾಗದೆ ಉಳಿಯುತ್ತದೆಂಬುದು ಹಲವು ದೇಶಗಳ ಹವ್ಯಾಸಿಗಳ ಅನುಭವ, ನನ್ನದೂ ಅದೇ. ಅಂಗಡಿಯಲ್ಲಿ ಕೇಳುವಾಗ ಎಚ್ಚರ: ಥಿನ್ನರ್ ಕೊಟ್ಟರೆ ತರಬೇಡಿ, ಅದು ಸ್ಲೀಪರ್‌ಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ, ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು.

ದೂರದ ಬದಿಯ ಬಗ್ಗೆ: ಒಂದು ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರಿನಿಂದ ಕಂಟ್ರೋಲರ್ ತಂತಿ ಸೇರುವಲ್ಲಿ ಮತ್ತು ಎದುರು ಬದಿಯಲ್ಲಿ ವೋಲ್ಟೇಜ್ ಅಳೆಯಿರಿ. ಎಂಜಿನ್ ಇಲ್ಲದೆ ಅಳೆದರೆ ಎರಡೂ ಕಡೆ ಒಂದೇ ಅಂಕಿ ಬರಬಹುದು, ಅದನ್ನು ನಂಬಬೇಡಿ.

ಉತ್ತರ (ಧಾರವಾಡದಿಂದ)

ಮೇಲಿನ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಟರ್ಪೆಂಟೈನ್ ವಿಷಯದಲ್ಲಿ ಎರಡು ಮಾತು ಸೇರಿಸಬೇಕು. ಆಲ್ಕೋಹಾಲು, ಟರ್ಪೆಂಟೈನ್ ಎರಡೂ ಬೆಂಕಿ ಹಿಡಿಯುವ ವಸ್ತುಗಳು, ನಿಮ್ಮ ಕೋಣೆ ಇರುವುದು ಅಡುಗೆಮನೆಯ ಪಕ್ಕ. ಕಿಟಕಿ ತೆರೆದು, ಒಲೆ ಆರಿಸಿ, ಕಂಟ್ರೋಲರ್ ಬಂದ್ ಮಾಡಿಯೇ ಹಳಿ ಒರೆಸಿ. ಪೂರ್ತಿ ಒಣಗಿದ ಮೇಲಷ್ಟೇ ರೈಲು ಓಡಿಸಿ. ಕಾಗದದ ವಿಧಾನದಲ್ಲಿ ಕರೆಂಟ್ ಇರುವುದರಿಂದ ಕಾಗದ ತೇವವಾಗಿದ್ದರೆ ಸಾಕು, ತೊಟ್ಟಿಕ್ಕಬಾರದು. ಎರಡನೆಯದಾಗಿ, ಎಂಜಿನ್ನಿನ ರಬ್ಬರ್ ಪಟ್ಟಿಗೆ ಟರ್ಪೆಂಟೈನ್ ಸೋಕಿದರೆ ಅದು ಉಬ್ಬಿ ಗಾಲಿಯಿಂದ ಜಾರುತ್ತದೆ.

ಅಡುಗೆಮನೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಒಗ್ಗರಣೆ ಮತ್ತು ಕರಿಯುವ ಬಾಣಲೆಯಿಂದ ಏಳುವ ಎಣ್ಣೆಯ ಹಬೆ ಕಣ್ಣಿಗೆ ಕಾಣದಿದ್ದರೂ ಪಕ್ಕದ ಕೋಣೆಯ ಮೇಲ್ಮೈಗಳ ಮೇಲೆಲ್ಲ ಕೂರುತ್ತದೆ. ಫ್ಯಾನಿನ ರೆಕ್ಕೆಗೆ ಅಂಟುವ ಜಿಗುಟು ಧೂಳು ಅದರ ಸಾಕ್ಷಿ. ಅಗರಬತ್ತಿಯ ಹೊಗೆಯೂ ಹಾಗೆಯೇ. ಮೇಲಾಗಿ ಕರಾವಳಿಯ ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ. ಅಡುಗೆಯ ಹೊತ್ತಿಗೆ ನಡುವಿನ ಬಾಗಿಲು ಮುಚ್ಚಿ, ರೈಲು ಓಡಿಸದಿರುವಾಗ ಲೇಔಟಿಗೆ ಹತ್ತಿಯ ಹಾಸು ಹೊದಿಸಿ. ಪ್ಲಾಸ್ಟಿಕ್ ಹಾಳೆಯ ಕೆಳಗೆ ತೇವ ನಿಲ್ಲುವುದರಿಂದ ಅದು ಬೇಡ. ಎಂಜಿನ್‌ಗಳ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ.

ದಿನನಿತ್ಯದ ನಿರ್ವಹಣೆಗೆ ಹಾರ್ಡ್‌ಬೋರ್ಡ್ ತುಂಡು ಸಾಕು. ಅಮೆರಿಕದ ಹವ್ಯಾಸಿ ಜಾನ್ ಅಲೆನ್ ಅವರ ಹೆಸರಿನೊಂದಿಗೆ ಹೇಳಲಾಗುವ ಈ ಹಳೆಯ ವಿಧಾನದಲ್ಲಿ, ಹಾರ್ಡ್‌ಬೋರ್ಡಿನ ಸಣ್ಣ ತುಂಡಿಗೆ ಎರಡು ಮೊಳೆ ಅಂಟಿಸಿ, ಡಬ್ಬಿಯ ತಳದಲ್ಲಿ ಕೊರೆದ ಸಡಿಲವಾದ ತೂತುಗಳಲ್ಲಿ ಆ ಮೊಳೆಗಳನ್ನು ಇಳಿಬಿಡುತ್ತಾರೆ. ಒರಟು ಬದಿ ಕೆಳಗೆ ಬರಬೇಕು, ಪಾಯಿಂಟ್‌ಗೆ ಸಿಕ್ಕಿಕೊಳ್ಳದಂತೆ ಮುಂದಿನ ಮತ್ತು ಹಿಂದಿನ ಅಂಚುಗಳನ್ನು ಉಜ್ಜಿ ದುಂಡಾಗಿಸಬೇಕು. ತುಂಡು ತನ್ನ ಭಾರದಿಂದಲೇ ಹಳಿಯ ಮೇಲೆ ಜಾರುತ್ತಾ ಒರೆಸಿಕೊಂಡು ಹೋಗುತ್ತದೆ. ಕಪ್ಪಾದಾಗ ಅದನ್ನೊಮ್ಮೆ ಮರಳುಕಾಗದಕ್ಕೆ ಉಜ್ಜಿದರೆ ಮತ್ತೆ ಹೊಸದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಗಾಲಿಗಳಿಂದ ಬಂದ ಕೊಳೆಯ ಪ್ರಮಾಣ ಕಂಡು ಬೆರಗಾಯಿತು. ಗಾಲಿ, ಹಳಿ ಎರಡನ್ನೂ ಒರೆಸಿ ಟರ್ಪೆಂಟೈನಿನಿಂದ ಮುಗಿಸಿದ ಮೇಲೆ ದೀಪ ಮಿಣುಕುವುದು ನಿಂತಿದೆ, ದೊಡ್ಡ ಎಂಜಿನ್ ತೆವಳುವ ವೇಗದಲ್ಲೂ ನಿಲ್ಲದೆ ಸಾಗುತ್ತಿದೆ. ಎಂಜಿನ್ ಓಡುತ್ತಿರುವಾಗ ಅಳೆದರೆ ತಂತಿ ಸೇರುವಲ್ಲಿ 9 ವೋಲ್ಟ್, ಎದುರು ಬದಿಯಲ್ಲಿ 7ಕ್ಕೂ ಕಡಿಮೆ. ಇದಕ್ಕೇನು ಮಾಡಬೇಕು? ಸಣ್ಣ ಎಂಜಿನ್ ಮಾತ್ರ ಪಾಯಿಂಟ್ ಮೇಲೆ ಈಗಲೂ ನಿಲ್ಲುತ್ತಿದೆ.

ಉತ್ತರ (ಬೆಂಗಳೂರಿನಿಂದ)

ಹಳಿಯ ತುಂಡುಗಳನ್ನು ಕೂಡಿಸುವ ಫಿಶ್‌ಪ್ಲೇಟ್‌ಗಳು ಸಡಿಲವಾಗಿ ಒಳಗೆ ಕಿಲುಬು ಹಿಡಿದಿವೆ, ಪ್ರತಿ ಕೂಡಿಕೆಯಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರುತ್ತಿದೆ. ಲೇಔಟಿನ ಕೆಳಗೆ ದಪ್ಪನೆಯ ಎರಡು ತಂತಿಗಳನ್ನು ಎಳೆದು, ಸುಮಾರು ಒಂದು ಮೀಟರಿಗೊಮ್ಮೆ ಸಣ್ಣ ತಂತಿಯಿಂದ ಹಳಿಗೆ ಬೆಸುಗೆ ಹಾಕಿ. ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ರಾಳದ್ದಿರಲಿ, ಆಸಿಡ್ ಫ್ಲಕ್ಸ್ ಹಳಿಯನ್ನು ತಿನ್ನುತ್ತದೆ. ಬೆಸುಗೆಯ ಎರಡೂ ಪಕ್ಕದಲ್ಲಿ ಹಳಿಯ ಮೇಲೆ ಒದ್ದೆ ಹತ್ತಿ ಇಟ್ಟರೆ ಸ್ಲೀಪರ್ ಕರಗುವುದಿಲ್ಲ. ಎಡ ಮತ್ತು ಬಲ ಹಳಿಗಳ ತಂತಿಗೆ ಬೇರೆ ಬೇರೆ ಬಣ್ಣವಿರಲಿ, ಅದಲುಬದಲಾದರೆ ಶಾರ್ಟ್ ಆಗುತ್ತದೆ.

ಪಾಯಿಂಟ್ ಮೇಲೆ ನಿಲ್ಲುವುದು ಕೊಳೆಯಿಂದಲ್ಲ. ಹಳಿಗಳು ಒಂದನ್ನೊಂದು ದಾಟುವ ಫ್ರಾಗ್ ಎಂಬ ಭಾಗ ನಿಮ್ಮ ಪಾಯಿಂಟ್‌ಗಳಲ್ಲಿ ಪ್ಲಾಸ್ಟಿಕ್ಕಿನದಾಗಿರಬೇಕು. ಅಲ್ಲಿ ವಿದ್ಯುತ್ ಇಲ್ಲ, ಗಾಲಿಗಳ ಅಂತರ ಕಡಿಮೆಯಿರುವ ಸಣ್ಣ ಎಂಜಿನ್ ಅದರ ಮೇಲೆ ನಿಂತರೆ ಕರೆಂಟ್ ತಪ್ಪುತ್ತದೆ. ಸದ್ಯಕ್ಕೆ ಪಾಯಿಂಟ್ ದಾಟುವಾಗ ವೇಗ ಸ್ವಲ್ಪ ಹೆಚ್ಚಿಸಿ. ಮುಂದೆ ಪಾಯಿಂಟ್ ಬದಲಿಸುವಾಗ ಲೋಹದ ಫ್ರಾಗ್ ಇರುವುದನ್ನು ತನ್ನಿ. ಅದರ ಧ್ರುವವನ್ನು ಪಾಯಿಂಟ್ ತಿರುಗಿದಂತೆ ಬದಲಿಸುವ ಸ್ವಿಚ್ ಬೇಕಾಗುತ್ತದೆ. ಆಗ ಅದರ ವೈರಿಂಗ್ ನಕ್ಷೆಯನ್ನು ಇಲ್ಲೇ ಕಳುಹಿಸಿಕೊಡುತ್ತೇನೆ.