ಕಿತ್ತೂರು ಸೈನಿಕರಿಗೆ ರುಮಾಲು ಕಟ್ಟುವುದು ಹೇಗೆ?

ಉಣಕಲ್_ಬ್ರಶ್:
1824ರ ಕಿತ್ತೂರು ಕದನವನ್ನು ಮೇಜಿನ ಮೇಲೆ ಆಡುವ ಆಸೆ. ಈಸ್ಟ್ ಇಂಡಿಯಾ ಕಂಪನಿ ಕಡೆಗೆ ನೆಪೋಲಿಯನ್ ಕಾಲದ 28 ಮಿ.ಮೀ. ಪ್ಲಾಸ್ಟಿಕ್ ಸೈನಿಕರಿದ್ದಾರೆ. ಮಿಕ್ಕ ಮೈಗಳಿಂದಲೇ ಕಿತ್ತೂರಿನವರನ್ನೂ ಮಾಡಬಹುದಾ? ಕತ್ತಿ ಹಿಡಿದ ಕೈಗಳು ರೆಸಿನ್ (ಅಚ್ಚಿಗೆ ಹೊಯ್ದ ಗಟ್ಟಿ ರಾಳ). ಪ್ಲಾಸ್ಟಿಕ್ ಸಿಮೆಂಟ್‌ಗೆ ಕೂರುತ್ತಲೇ ಇಲ್ಲ.

ಸಾಧನಕೇರಿ_ಅಂಟು:
ಕೂರುವುದಿಲ್ಲ ರೀ. ಆ ಸಿಮೆಂಟ್ ಪಾಲಿಸ್ಟೈರೀನ್ ಕರಗಿಸಿ ಬೆಸೆಯುತ್ತದೆ, ರೆಸಿನ್ ಅದಕ್ಕೆ ಜಗ್ಗುವುದಿಲ್ಲ. ಸೂಪರ್ ಗ್ಲೂ ಹಾಕಿ. ಭುಜಕ್ಕೆ 1 ಮಿ.ಮೀ. ತೂತು ಕೊರೆದು ತಂತಿ ತುಂಡು ಕೂಡಿಸಿದರೆ ಕೈ ಗಟ್ಟಿ. ರೆಸಿನ್ ಉಜ್ಜುವಾಗ ಒದ್ದೆ ಮಾಡಿಕೊಳ್ಳಿ, ಮಾಸ್ಕ್ ಇರಲಿ. ಪುಡಿ ಎದೆಗೆ ಒಳ್ಳೆಯದಲ್ಲ.

ಕೋಟಿನ ಬಾಲ ಕೆತ್ತಿ ತೆಗೆಯಿರಿ, ಎದೆಯ ಗುಂಡಿ ಕೆರೆಯಿರಿ. ಅಡ್ಡ ಬೆಲ್ಟು ಇರಲಿ, ಕತ್ತಿಗೆ ಬೇಕಲ್ವಾ!

ರುಮಾಲಿಗೆ ಎಪಾಕ್ಸಿ ಪುಟ್ಟಿ, ಅಂದರೆ ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಕಣಕದಂಥ ಅಂಟು. ಎರಡೂ ಭಾಗ ಸಮ ಕಲಸಿ, ಜಿಗುಟು ಸ್ವಲ್ಪ ಇಳಿಯುವವರೆಗೆ ಬಿಡಿ. ಶಾವಿಗೆ ಹೊಸೆದ ಹಾಗೆ ಸಣ್ಣ ಎಳೆ ಮಾಡಿ ತಲೆಗೆ ಓರೆಯಾಗಿ ಸುತ್ತಿ, ಒದ್ದೆ ಸೂಜಿಯಿಂದ ಮಡಿಕೆ ಒತ್ತಿ. ಮೊದಲು ಟೋಪಿ ಕತ್ತರಿಸಿ ಬಿಡಿ. ಅದರ ಮೇಲೇ ಸುತ್ತಿದರೆ ತಲೆ ಗಡಿಗೆಯಷ್ಟಾಗುತ್ತದೆ.

ಗದಗ_ಪುಟ್ಟಿ:
ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕೂಡ ನಡೆಯುತ್ತದೆ. ಬೇಗ ಗಟ್ಟಿಯಾಗುತ್ತದೆ, ಸ್ವಲ್ಪಸ್ವಲ್ಪವೇ ಕಲಸಿ. ಧೋತ್ರಕ್ಕೆ ಅದೇ ಸಾಕು, ಮುಖದ ಹತ್ತಿರ ಮಾತ್ರ ಬೇಡ. ಅಂದಹಾಗೆ, ಕಂಪನಿ ಕಡೆಯ ಥ್ಯಾಕರೆಗೆ ಕೆಂಪು ಕೋಟು ಹಾಕಬೇಡಿ. ಅವನು ಧಾರವಾಡದ ಕಲೆಕ್ಟರ್, ಸಿಪಾಯಿಯಲ್ಲ.

ಉಣಕಲ್_ಬ್ರಶ್:
ಅಯ್ಯೋ, ಕೆಂಪು ಬಳಿದು ಆಯ್ತಲ್ಲ ರೀ! ಇರಲಿ, ಮೇಲೆ ಕಪ್ಪು ಹೊಡೆಯುತ್ತೇನೆ.