ಚಹಾ ಅಗ್ಗ ಆಗಿತ್ತಲ್ವಾ, ಮತ್ತೆ ಸಮುದ್ರಕ್ಕೆ ಯಾಕೆ ಸುರಿದರು?

ಡೊಂಬಿವಿಲಿ_ಅಪ್ಪ:
ನಮಸ್ಕಾರ. ಮಗಳು ಹನ್ನೊಂದನೇ ಕ್ಲಾಸು, ಇತಿಹಾಸದ ಪ್ರಾಜೆಕ್ಟ್ ಇದೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು: ಬ್ರಿಟಿಷರ 1773ರ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿ ಚಹಾ ಅಗ್ಗವೇ ಆಗಿತ್ತು, ಆದರೂ ಆಗ ಅವರ ಕೈಕೆಳಗಿದ್ದ ಅಮೆರಿಕದ ಬಾಸ್ಟನ್ನಿನವರು 342 ಪೆಟ್ಟಿಗೆ ನೀರಿಗೆ ಎಸೆದರಲ್ಲ, ತಲೆ ಕೆಟ್ಟಿತ್ತಾ ಅಂತ. ನನಗೆ ಉತ್ತರ ಹೊಳೆಯಲಿಲ್ಲ, ಸುಮ್ನೆ ಅನ್ನ ಕಲಸಿದೆ.

ಮಾಟುಂಗಾ_ಕಾಫಿ:
ಸಿಟ್ಟು ರೇಟಿನ ಮೇಲಲ್ಲ ಸರ್. ವಸಾಹತು ಅಂದರೆ ಕಚ್ಚಾ ಮಾಲು ಕೊಡುವ ಹೊಲ, ತಮ್ಮ ಮಾಲು ಕೊಳ್ಳುವ ಸಂತೆ, ಲಾಭ ಮಾತ್ರ ಲಂಡನ್ನಿಗೆ, ಇದು ಇಂಗ್ಲೆಂಡಿನ ಲೆಕ್ಕ. 1660ರಿಂದ ವರ್ಜೀನಿಯಾದ ಹೊಗೆಸೊಪ್ಪನ್ನು ನೇರವಾಗಿ ಹಾಲೆಂಡಿಗೆ ಮಾರುವ ಹಾಗಿಲ್ಲ, ಅಲ್ಲಿ ಎಷ್ಟೇ ಒಳ್ಳೆ ರೇಟು ಸಿಗಲಿ. 1732ರಲ್ಲಿ ಟೋಪಿಗೂ ಕಟ್ಟು ಬಿತ್ತು: ಕಾಡಿನ ಬೀವರ್ ತುಪ್ಪಳ ಕೈಯಲ್ಲೇ ಇದೆ, ಟೋಪಿ ಮಾಡಿ ಪಕ್ಕದ ವಸಾಹತಿಗೂ ಕಳಿಸುವಂತಿಲ್ಲ. ಟೋಪಿ ಹಾಕುವ ಕೆಲಸ ನಮ್ಮದು, ನೀವು ತಲೆ ಕೊಡಿ ಅಂದ ಹಾಗೆ!

ಇನ್ನೊಂದು ಮಜಾ ಇದೆ. 1733ರಲ್ಲಿ ಹೊರಗಿನ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಹಾಕಿದರು. ಹೆಚ್ಚಿನವರು ಕಟ್ಟಲೇ ಇಲ್ಲ, ಕದ್ದು ತಂದು ರಮ್ ಕಾಯಿಸಿದರು, ಅಧಿಕಾರಿಗಳೂ ನೋಡಿಯೂ ನೋಡದ ಹಾಗಿದ್ದರು. 1763ಕ್ಕೆ ಫ್ರಾನ್ಸಿನ ಜೊತೆಗಿನ ಯುದ್ಧ ಮುಗಿಯಿತು, ಇಂಗ್ಲೆಂಡಿಗೆ ಸಾಲ ತಲೆ ಮೇಲೆ ಬಂತು. ಮರುವರ್ಷ ಸುಂಕವನ್ನು 3 ಪೆನ್ಸಿಗೆ ಇಳಿಸಿ, ಗಟ್ಟಿಯಾಗಿ ವಸೂಲಿಗೆ ನಿಂತರು. ಅರ್ಧ ಇಳಿದ ಸುಂಕಕ್ಕೇ ಜನ ರೊಚ್ಚಿಗೆದ್ದರು ನೋಡಿ. ಚಹಾದ್ದೂ ಅದೇ ಕಥೆ. ಕಂಪನಿ ತನಗೆ ಬೇಕಾದ ನಾಲ್ಕು ಜನರ ಕೈಯಲ್ಲೇ ಮಾರಿಸಿದರೆ ಉಳಿದ ವ್ಯಾಪಾರಿಗಳು ನೊಣ ಹೊಡೆಯಬೇಕು. ಮೇಲೆ ಚಹಾಕ್ಕೆ ಹಾಕಿದ್ದ 3 ಪೆನ್ಸ್ ಸುಂಕ ಹಾಗೇ ಉಳಿದಿತ್ತು, ಅದನ್ನು ಹಾಕಿದ ಪಾರ್ಲಿಮೆಂಟಿನಲ್ಲಿ ಇವರ ಕಡೆಯವರು ಒಬ್ಬರೂ ಇಲ್ಲ.

ವಾಸ್ಕೋದಲ್ಲಿ_ಕಾರವಾರದವಳು:
ಮಂಡೋವಿ ದಂಡೆಯಲ್ಲಿ ನಿಂತರೆ ನನಗೆ ಕಡಲಲ್ಲಿ ಹಡಗು ಓಡಿಸಲು ಪೋರ್ಚುಗೀಸರು ಕೊಡುತ್ತಿದ್ದ ಕರ್ತಾಜ್ ಚೀಟಿ ನೆನಪಾಗುತ್ತದೆ. ಚೀಟಿಗೆ ಕೊಡುವ ದುಡ್ಡು ಸಣ್ಣದು. ಆದರೆ ಅದಿಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಮಾಲೂ ಹೋಯಿತು. ಇದ್ದರೂ ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕು, ಮೆಣಸನ್ನಂತೂ ಮುಟ್ಟಬಾರದು. ಅಜ್ಜ ಮುತ್ತಜ್ಜಂದಿರು ಓಡಾಡಿದ ಕಡಲಿಗೆ ಯಾರೋ ಬಂದು ಪರ್ಮಿಟ್ ಕೊಡುವುದು ಅಂದರೆ! ಉಳ್ಳಾಲದ ಅಬ್ಬಕ್ಕ ಕಪ್ಪ ಕೊಡುವುದಿಲ್ಲ ಅಂದಿದ್ದು ಸುಮ್ನೆ ಅಲ್ಲ.

ಪರೇಲ್_ಚಾಳು:
ನಮ್ಮ ಮುಂಬೈ ಮಿಲ್ಲುಗಳನ್ನು ಬಿಟ್ಟಿರಲ್ಲ. 1896ರಲ್ಲಿ ಇಲ್ಲಿನ ಮಿಲ್ ಬಟ್ಟೆಗೂ ಶೇ. 3.5 ತೆರಿಗೆ ಹಾಕಿದರು, ಇಂಗ್ಲೆಂಡಿನ ಲ್ಯಾಂಕಾಶೈರ್ ಮಿಲ್ಲುಗಳ ಬಟ್ಟೆಗೆ ತೊಂದರೆ ಆಗಬಾರದು ಅಂತ. ಆಗ ಬಾಯಲ್ಲಿ ಮುಕ್ತ ವ್ಯಾಪಾರದ ಮಂತ್ರ ಬೇರೆ! 1905ರಲ್ಲಿ ಪುಣೆಯಲ್ಲಿ ವಿದೇಶಿ ಬಟ್ಟೆಗೆ ಬೆಂಕಿ ಇಟ್ಟ ಹುಡುಗರೇನು ಸೀರೆ ಅಂಗಡಿ ಬಿಲ್ ನೋಡಿ ಸಿಟ್ಟಾದವರಾ?

ಡೊಂಬಿವಿಲಿ_ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ಟೋಪಿ ಸಾಲನ್ನು ಆಗಲೇ ನೋಟ್‌ಬುಕ್ಕಿಗೆ ಇಳಿಸಿದ್ದಾಳೆ. ಈಗ ಕಾಕಂಬಿ ಅಂದರೇನು ಅಂತ ಕೇಳುತ್ತಿದ್ದಾಳೆ.